ಎರಡನೇ ಚೀಟಿ



ಅಧ್ಯಕ್ಷರ ಭಾಷಣವೆಂದರೆ ಊಟಕ್ಕೆ ಮುಂಚಿನ ಕೊನೆಯ ಅಡ್ಡಿ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ.

ಖಿನ್ನತೆಯ ಬಗ್ಗೆ ಮಾತಾಡಲು ನಾವು ಬಳ್ಳಾರಿಯಲ್ಲಿ ಸೇರಿದ್ದೇವೆ. ಹೊರಗಿನವರಿಗೆ ಬಳ್ಳಾರಿ ಎಂದರೆ ಗಣಿ, ಬಿಸಿಲು. ಸಮುದಾಯ ಮನೋವೈದ್ಯ ಓದುವ ಪಿ.ಜಿ. ವಿದ್ಯಾರ್ಥಿಗೆ ಹಾಗಲ್ಲ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಘೋಷಣೆಯಾದಾಗ ಅದು ನೆಲದ ಮೇಲೆ ನಡೆಯುತ್ತದೆಯೇ ಎಂದು ಯಾರಿಗೂ ಖಾತ್ರಿ ಇರಲಿಲ್ಲ. 1985ರಿಂದ ಐದು ವರ್ಷ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಅದನ್ನು ಈ ಜಿಲ್ಲೆಯಲ್ಲಿ ಪರೀಕ್ಷಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಸಿಕ್ಕಿತು, ಬೆರಳೆಣಿಕೆಯಷ್ಟು ಔಷಧಿಗಳು ಹಳ್ಳಿಯ ಆಸ್ಪತ್ರೆಗೇ ಬಂದವು. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಈ 'ಬಳ್ಳಾರಿ ಮಾದರಿ'ಯನ್ನು ಮುಂದಿಟ್ಟುಕೊಂಡು.

ಆ ಹೆಮ್ಮೆ ನಮಗಿರಲಿ. ಆದರೆ ಆ ದಿನಗಳಲ್ಲಿ ಹೆಚ್ಚಿನ ಒತ್ತು ಇದ್ದದ್ದು ತೀವ್ರ ಮನೋರೋಗ, ಮೂರ್ಛೆರೋಗ, ಬುದ್ಧಿಮಾಂದ್ಯದ ಮೇಲೆ. ಅವು ಊರಿನ ಕಣ್ಣಿಗೆ ಬೀಳುವ ಕಾಯಿಲೆಗಳು. ಯಾರ ಮನೆಯಲ್ಲಿ ಎಂದು ಕೇಳಿದರೆ ಅಂಗಡಿ ಕಟ್ಟೆಯವರೇ ಹೇಳಿಯಾರು. ಖಿನ್ನತೆ ಹಾಗೆ ಕಾಣಿಸಿಕೊಳ್ಳುವುದಿಲ್ಲ. ಒಳಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿರುವವರನ್ನು ಊರು ಎಣಿಸುವುದಿಲ್ಲ. ಅವರು ಎದ್ದು ಆಸ್ಪತ್ರೆಗೆ ಬಂದರೂ ಬೇರೆ ದೂರು ಹೊತ್ತು ಬರುತ್ತಾರೆ.

ಓ.ಪಿ.ಡಿ.ಯಲ್ಲಿ ಕೂತ ಎಲ್ಲರೂ ಕಂಡಿರುವ ದೃಶ್ಯ ಇದು. ನಲವತ್ತರ ಆಸುಪಾಸಿನ ಹೆಂಗಸು, ಜೊತೆಗೆ ಗಂಡ. ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರೊಳಗೆ ಇ.ಸಿ.ಜಿ., ಥೈರಾಯ್ಡ್ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್, ಸಾಲ ಮಾಡಿ ತೆಗೆಸಿದ ತಲೆಯ ಎಂ.ಆರ್.ಐ. ಎಲ್ಲವೂ ನಾರ್ಮಲ್. "ಏನಾಗ್ತದಮ್ಮಾ?" ಎಂದರೆ ಗಂಡ ಉತ್ತರಿಸುತ್ತಾನೆ: "ಏನೂ ಇಲ್ರೀ ಸಾರ್, ಸುಮ್ನೆ ಮಕ್ಕೊಂಡೇ ಇರ್ತಾಳ್ರಿ." ಅವನನ್ನು ಹೊರಗೆ ಕೂರಿಸಿದ ಮೇಲೆ ಆಕೆ ಹೇಳುತ್ತಾಳೆ: "ಎದಿ ಭಾರ ಆಗೈತ್ರಿ. ತಲಿ ಜುಮ್ ಅಂತೈತಿ. ಕೈಕಾಲು ಸೆಳೀತಾವು. ರಾತ್ರಿ ಮೂರಕ್ಕ ಎಚ್ಚರ ಆದ್ರ ಮತ್ತ ನಿದ್ದಿ ಇಲ್ಲ." ಇನ್ನೂ ಸ್ವಲ್ಪ ಕಾದರೆ, ಎದ್ದು ಹೋಗುವ ಹೊತ್ತಿಗೆ ಬರುತ್ತದೆ ನಿಜವಾದ ಮಾತು: "ಮಗಳು ಊರಿಗೆ ಬಂದ್ಲು ಸಾರ್, ನಂಗೇನೂ ಅನ್ನಿಸ್ಲೇ ಇಲ್ಲ."

ನಮ್ಮಲ್ಲಿ ಕೆಲವರು ಇದನ್ನು ಹಳ್ಳಿಯವರ ಅಜ್ಞಾನ ಎನ್ನುತ್ತಾರೆ. ಅವರಿಗೆ ತಮ್ಮ ಮನಸ್ಸಿನ ಸಂಗತಿ ಹೇಳಿಕೊಳ್ಳಲು ಬರುವುದಿಲ್ಲ, ಅದಕ್ಕೇ ಮೈನೋವು ಎನ್ನುತ್ತಾರಂತೆ. ಈ ಅಹಂಕಾರಕ್ಕೆ ಉತ್ತರ ಬೆಂಗಳೂರಿನಿಂದಲೇ ಸಿಕ್ಕಿ ಬಹಳ ಕಾಲವಾಯಿತು. ನಿಮ್ಹಾನ್ಸ್‌ನ ಡಾ. ರಘುರಾಮ್, ಡಾ. ಚನ್ನಬಸವಣ್ಣ ಅವರು ಮಿಚೆಲ್ ವೈಸ್ ಮುಂತಾದವರ ಜೊತೆ ಸೇರಿ ಹೊರರೋಗಿಗಳನ್ನು ಕೂರಿಸಿಕೊಂಡು ವಿವರವಾಗಿ ಮಾತಾಡಿಸಿ 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಖಿನ್ನತೆಯ ಲಕ್ಷಣ ಹೆಚ್ಚಾದಷ್ಟೂ ಕಳಂಕದ ಭಯ ಹೆಚ್ಚು, ಮೈನೋವಿನ ಲಕ್ಷಣ ಹೆಚ್ಚಾದಷ್ಟೂ ಆ ಭಯ ಕಡಿಮೆ ಎಂದು ಕಂಡುಬಂತು. ಮನಸ್ಸಿನ ನೋವು ಹೊರಗೆ ಬಿದ್ದರೆ ಮಗಳ ಮದುವೆಗೆ ತೊಡಕು, ಮೊಣಕಾಲು ನೋವು ಎಂದರೆ ಯಾರ ಮದುವೆಯೂ ನಿಲ್ಲುವುದಿಲ್ಲ. ಆಕೆಗೆ ತನ್ನ ಸಂಕಟ ಚೆನ್ನಾಗಿಯೇ ಗೊತ್ತು. ಯಾವುದನ್ನು ಹೇಳಿದರೆ ಎಷ್ಟು ಬೆಲೆ ತೆರಬೇಕು ಎಂಬುದೂ ಗೊತ್ತು. ನಮ್ಮ ಸಂಶೋಧನೆಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು ಎನ್ನಿಸುವುದು ಇದೇ. ಪೋಸ್ಟರು ಅಂಟಿಸಲು ಹೊರಡುವವರೆಲ್ಲ ಮೊದಲು ಇದನ್ನು ಓದಬೇಕು.

ಈ ಕಾಯಿಲೆ ಬದುಕಿಗೆ ಏನು ಮಾಡುತ್ತದೆ? ಅಳು, ದುಃಖ ಎಂದು ಎಲ್ಲರೂ ಬರೆಯುತ್ತಾರೆ. ಬಹಳ ಜನ ಅಳುವುದೇ ಇಲ್ಲ. ಮೊದಲು ಹೋಗುವುದು ಚಿಕ್ಕಪುಟ್ಟ ತೀರ್ಮಾನ ಮಾಡುವ ಶಕ್ತಿ. ಬೆಳಿಗ್ಗೆ ಯಾವ ಬೇಳೆ ನೆನೆಹಾಕಬೇಕು ಎಂದು ಡಬ್ಬಿಗಳ ಮುಂದೆ ಅರ್ಧ ಗಂಟೆ ನಿಲ್ಲುವುದು. ತಾಲೂಕು ಕಚೇರಿಯ ಗುಮಾಸ್ತರೊಬ್ಬರ ಮೇಜಿನ ಮೇಲೆ ಒಂದೇ ಫೈಲು ತಿಂಗಳುಗಟ್ಟಲೆ ಕೂರುತ್ತದೆ, ತೆರೆಯುತ್ತಾರೆ, ಮುಚ್ಚುತ್ತಾರೆ. ಕೊನೆಗೆ ಕೈಗೆ ಬರುವುದು ಕಾರಣ ಕೇಳುವ ನೋಟಿಸು. ಕಾರಣ ಅವರಿಗೂ ಗೊತ್ತಿಲ್ಲ. ಹುಡುಗ ಪಿ.ಯು.ಸಿ.ಯಲ್ಲಿ ಫೇಲಾದರೆ ಸೋಮಾರಿ, ಸೊಸೆ ಏಳದಿದ್ದರೆ ಗರ್ವ, ಅಜ್ಜ ಮಾತು ಬಿಟ್ಟರೆ ಅರಳು ಮರಳು. ಕಾಯಿಲೆಯ ಲಕ್ಷಣವೆಲ್ಲ ನಡತೆಯ ದೋಷವಾಗಿ ದಾಖಲಾಗುತ್ತದೆ. ಗಂಡಸರ ವಿಷಯದಲ್ಲಿ ಅದು ಕುಡಿತವಾಗಿ ದಾಖಲಾಗುತ್ತದೆ. ಕುಡಿತಕ್ಕೆ ಮುಂಚೆ ಏನಿತ್ತು ಎಂದು ಕೇಳುವ ತಾಳ್ಮೆ ನಮಗಿಲ್ಲ. ಹೆರಿಗೆಯಾದ ಹೆಣ್ಣುಮಗಳು ಮಗುವಿನ ಕಡೆ ನೋಡದಿದ್ದರೆ ಮನೆಯವರು ದೃಷ್ಟಿ ತೆಗೆಯುತ್ತಾರೆ. ತಾಯಿಯನ್ನೂ ಮಗುವನ್ನೂ ಒಟ್ಟಿಗೆ ದಾಖಲಿಸಿಕೊಳ್ಳುವ ವಿಭಾಗವನ್ನು ನಿಮ್ಹಾನ್ಸ್ 2009ರಲ್ಲಿ ತೆರೆಯಿತು. ಅಂಥದ್ದು ಜಿಲ್ಲೆಗೊಂದು ಬೇಕು.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಇಪ್ಪತ್ತು ವಯಸ್ಕರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿರುತ್ತಾರೆ. ಚಿಕಿತ್ಸೆ ಬೇಕಾದವರಲ್ಲಿ ಸುಮಾರು ಶೇ. 85 ಮಂದಿಗೆ ಅದು ಸಿಕ್ಕಿರಲಿಲ್ಲ.

ಈ ಶೇ. 85ನ್ನು ಉಲ್ಲೇಖಿಸಿದ ತಕ್ಷಣ ಎಲ್ಲ ಸಭೆಗಳಲ್ಲೂ ಕೇಳುವ ಮಾತು: ಜನರಲ್ಲಿ ಅರಿವು ಮೂಡಿಸಬೇಕು, ಅವರನ್ನು ಆಸ್ಪತ್ರೆಗೆ ಕರೆತರಬೇಕು. ನನ್ನ ತಕರಾರು ಇರುವುದು ಇಲ್ಲಿ. ಆಸ್ಪತ್ರೆಗೆ ಅವರು ಬರುತ್ತಲೇ ಇದ್ದಾರೆ, ಚೀಲದ ತುಂಬ ರಿಪೋರ್ಟು ತುಂಬಿಕೊಂಡು. ಮೊದಲ ಚೀಟಿ ಬರೆಸಿಕೊಂಡವರು ಎರಡನೆಯದಕ್ಕೆ ಬರುವುದಿಲ್ಲ. ನಮ್ಮ ಚಿಕಿತ್ಸೆ ಸೋಲುವುದು ಆ ನಡುವಿನ ದಿನಗಳಲ್ಲಿ.

ಯಾಕೆ ಎಂದು ನೋಡಿ. ಖಿನ್ನತೆಯ ಮಾತ್ರೆ ಮನಸ್ಸನ್ನು ಎತ್ತಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ತೆಗೆದುಕೊಳ್ಳುತ್ತದೆ. ಅಡ್ಡಪರಿಣಾಮ ಮಾತ್ರ ಮೊದಲ ವಾರವೇ ಹಾಜರ್: ಹೊಟ್ಟೆ ತೊಳಸು, ಬಾಯಿ ಒಣಗುವುದು, ತಲೆನೋವು, ಚಡಪಡಿಕೆ. ಹತ್ತನೇ ದಿನಕ್ಕೆ ರೋಗಿಯ ಕೈಯಲ್ಲಿರುವುದು ಬರೀ ನಷ್ಟದ ಲೆಕ್ಕ. ಅದೇ ಹೊತ್ತಿಗೆ ಪಕ್ಕದ ಬೀದಿಯಲ್ಲಿ ಸಿಗುವ ಆಲ್‌ಪ್ರಜೋಲಾಮ್ ಅದೇ ರಾತ್ರಿ ನಿದ್ದೆ ತರುತ್ತದೆ; ಕೆಲವು ವಾರಗಳಲ್ಲಿ ಅದು ಇಲ್ಲದೆ ನಿದ್ದೆ ಬಾರದ ಹಾಗೂ ಮಾಡುತ್ತದೆ. ಇವೆರಡನ್ನೂ 'ನಿದ್ದೆ ಮಾತ್ರೆ' ಎಂದೇ ಜನ ಕರೆಯುತ್ತಾರೆ. ಚಟ ಹಿಡಿಸದ ಔಷಧಿಗೆ ಚಟದ ಅಪವಾದ, ಚಟ ಹಿಡಿಸುವುದಕ್ಕೆ ನಂಬಿಕೆ. ಇನ್ನು ಎರಡನೇ ತಿಂಗಳಲ್ಲಿ ಹುಷಾರಾದವರು "ಇನ್ನೇನು, ಗೆದ್ದೆ" ಎಂದು ನಿಲ್ಲಿಸುತ್ತಾರೆ. ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು, ಬಿಡುವಾಗ ವೈದ್ಯರನ್ನು ಕೇಳಿ ಮೆಲ್ಲಗೆ ಇಳಿಸಬೇಕು ಎಂದು ಅವರಿಗೆ ಹೇಳಿದವರು ಯಾರು? ಚೀಟಿಯಲ್ಲಿ '1-0-0' ಎಂದು ಬರೆದಿರುತ್ತೇವೆ, ಅಷ್ಟೇ.

ರೋಗಿಗೆ ನಾವು ಹೇಳದ ಇನ್ನೊಂದು ಸಂಗತಿ ಖಿನ್ನತೆಯ ಔಷಧಿಗಳ ಹುಟ್ಟಿನ ಕಥೆ, ಸ್ವಾರಸ್ಯವಾದದ್ದು. 1952ರ ಸುಮಾರಿಗೆ ನ್ಯೂಯಾರ್ಕಿನ ಸೀ ವ್ಯೂ ಕ್ಷಯ ಆಸ್ಪತ್ರೆಯಲ್ಲಿ ಇಪ್ರೊನಿಯಾಜಿಡ್ ಕೊಟ್ಟ ರೋಗಿಗಳು ಎಂದಿಲ್ಲದ ಲವಲವಿಕೆಯಿಂದ ಓಡಾಡತೊಡಗಿದರು. ಸ್ಕಿಜೋಫ್ರೀನಿಯಾಕ್ಕೆಂದು ತಂದ ಇಮಿಪ್ರಮಿನ್ ಖಿನ್ನತೆಗೆ ನಾಟುತ್ತದೆ ಎಂದು 1957ರಲ್ಲಿ ವರದಿ ಮಾಡಿದವರು ಸ್ವಿಟ್ಜರ್ಲೆಂಡಿನ ರೋಲಾಂಡ್ ಕೂನ್. ಅಂದರೆ ಮದ್ದು ಮೊದಲು ಸಿಕ್ಕಿತು, ಸಿದ್ಧಾಂತ ಆಮೇಲೆ ಬಂತು. ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ಕಡಿಮೆಯಾದ ಹಾಗೆ ಇಲ್ಲಿ ಮೆದುಳಿನ ಸೆರೊಟೊನಿನ್ ಕಡಿಮೆಯಾಗಿದೆ ಎಂಬ ಉಪಮೆ ನಮ್ಮ ವೃತ್ತಿಗೆ ಬಹಳ ಅನುಕೂಲವಾಗಿತ್ತು. 2022ರಲ್ಲಿ ಜೊವಾನ್ನಾ ಮಾನ್‌ಕ್ರೀಫ್ ಮತ್ತು ಸಂಗಡಿಗರು ಹಿಂದಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಹಾಗೆನ್ನಲು ಸರಿಯಾದ ಆಧಾರವಿಲ್ಲ ಎಂದರು. ಪತ್ರಿಕೆಗಳಲ್ಲಿ ಗದ್ದಲವಾಯಿತು, ಹಾಗಾದರೆ ಮಾತ್ರೆಯೇ ಸುಳ್ಳು ಎಂದು ಕೆಲವರು ಬಿಟ್ಟೂ ಬಿಟ್ಟರು. ಅದು ತಪ್ಪು ತರ್ಕ. ಆಂಡ್ರಿಯಾ ಚಿಪ್ರಿಯಾನಿ ತಂಡ 2018ರಲ್ಲಿ 522 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ 21 ಔಷಧಿಗಳೂ ಹುಸಿ ಮಾತ್ರೆಗಿಂತ ಮೇಲೆಂದು ಕಂಡಿತ್ತು. ಆದರೆ ಅಂತರ ದೊಡ್ಡದಲ್ಲ. ಕೆಲಸ ಮಾಡುತ್ತದೆ, ಎಲ್ಲರಿಗೂ ಮಾಡುವುದಿಲ್ಲ, ಹೇಗೆ ಮಾಡುತ್ತದೆಂದು ಪೂರ್ತಿ ತಿಳಿದಿಲ್ಲ. ರೋಗಿಗೆ ಇಷ್ಟನ್ನೂ ಹೇಳಬಹುದು. ಹೇಳಿದರೆ ಓಡಿಹೋಗುತ್ತಾರೆ ಎಂಬ ಭಯ ನನಗಿಲ್ಲ.

ಮಾತ್ರೆಯೊಂದೇ ದಾರಿಯೂ ಅಲ್ಲ. ನಮ್ಮ ನೆರೆಯ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಮಾಡಿದ ಕೆಲಸವನ್ನು ಗಮನಿಸಬೇಕು. ಮನೋವೈದ್ಯದ ಪದವಿಯಿಲ್ಲದ ಸಾಮಾನ್ಯರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆರೆಂಟು ಭೇಟಿಯ ಆಪ್ತಸಲಹೆ ಕೊಡಿಸಿದರು. ಮೂರು ತಿಂಗಳ ನಂತರ ಸಲಹೆ ಪಡೆದವರಲ್ಲಿ ಶೇ. 64, ಪಡೆಯದವರಲ್ಲಿ ಶೇ. 39 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. 2017ರಲ್ಲಿ ಲ್ಯಾನ್ಸೆಟ್ ಅದನ್ನು ಪ್ರಕಟಿಸಿತು. ಅವರು ಮಾಡಿದ್ದರಲ್ಲಿ ಮಾಟಮಂತ್ರವೇನಿಲ್ಲ. ಮನಸ್ಸು ಬಂದಾಗ ಕೆಲಸ ಮಾಡುತ್ತೇನೆ ಎಂದು ಕಾಯಬೇಡ, ಚಿಕ್ಕ ಕೆಲಸ ಹಿಡಿ, ಮನಸ್ಸು ಹಿಂದೆ ಬರುತ್ತದೆ ಎಂಬುದೇ ಅದರ ತಿರುಳು. ನಾಳೆ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುವುದು, ನಾಡಿದ್ದು ತಂಗಿಗೆ ಫೋನು ಮಾಡುವುದು. ಬರೆದುಕೊಳ್ಳಬೇಕು, ಮುಂದಿನ ವಾರ ಬಂದು ಹೇಳಬೇಕು. ಅಂದರೆ ಆ ಚಿಕಿತ್ಸೆಯಲ್ಲಿ ಎರಡನೇ ಭೇಟಿ ಹುಟ್ಟಿನಿಂದಲೇ ಸೇರಿಕೊಂಡಿದೆ.

ನಮ್ಮ ರಾಜ್ಯದಲ್ಲಿ 2014ರಿಂದ ಮನೋಚೈತನ್ಯ ಯೋಜನೆ ಇದೆ. ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಒಳ್ಳೆಯ ಏರ್ಪಾಡು. ಆದರೆ ಮಂಗಳವಾರ ಕೂಲಿ ತಪ್ಪಿಸಿಕೊಳ್ಳಲಾಗದವರು ಆ ವಾರ ಬರಲಿಲ್ಲವೆಂದು ಯಾರಿಗೂ ತಿಳಿಯುವುದಿಲ್ಲ. 14416ಕ್ಕೆ ಫೋನು ಮಾಡಿದರೆ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಈ ಸಂಖ್ಯೆ ಬಸ್ ನಿಲ್ದಾಣದಲ್ಲಿ ಇರಬೇಕು, ಅದಕ್ಕಿಂತ ಮುಖ್ಯವಾಗಿ ಕೀಟನಾಶಕದ ಅಂಗಡಿಯ ಗೋಡೆಯ ಮೇಲೆ ಇರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಜೀವ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಇಷ್ಟಾದರೂ ಪೊಲೀಸ್ ಕೇಸಿಗೆ ಹೆದರಿ ನಿಜ ಮುಚ್ಚಿಟ್ಟು ಡಿಸ್ಚಾರ್ಜ್ ಕೇಳುವ ಮನೆಯವರಿದ್ದಾರೆ. ಕಾಯ್ದೆಯ ಈ ಮಾತನ್ನು ಹೇಳಬೇಕಾದ್ದು ವಾರ್ಡಿನಲ್ಲಿ, ನಾವೇ.

ಜನರಿಗೆ ತಿಳಿಹೇಳುವ ಮಾತಿಗೆ ಬಂದರೆ, ಕನ್ನಡದಲ್ಲಿ ಮನಸ್ಸಿನ ಬಗ್ಗೆ ಬರೆಯುವ ಪರಂಪರೆಗೆ ಕೊರತೆಯಿಲ್ಲ. ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. 'ಕೊರವಂಜಿ' ಪತ್ರಿಕೆ ಕಟ್ಟಿ ನಾಡನ್ನು ನಗಿಸಿದ ರಾಶಿಯವರೇ ಅವರು! ಶಿವಮೊಗ್ಗದ ಡಾ. ಅಶೋಕ್ ಪೈ, ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಬರಹ ಓದಿ ವೈದ್ಯರ ಬಳಿಗೆ ಬಂದವರು ಅನೇಕರು. ಮೊದಲ ಭೇಟಿಯವರೆಗಿನ ದಾರಿಯನ್ನು ಅವರು ಹಾಕಿಕೊಟ್ಟಿದ್ದಾರೆ. ಮುಂದಿನದು ನಮ್ಮ ಪಾಲು.

ಮಧ್ಯಾಹ್ನ ನಿರ್ಣಯಗಳ ಗೋಷ್ಠಿ ಇದೆ. ಎರಡು ನಿರ್ಣಯಗಳನ್ನು ಸೇರಿಸಬೇಕೆಂದು ಕೇಳುತ್ತೇನೆ. ಖಿನ್ನತೆಗೆ ಹೊಸದಾಗಿ ಔಷಧಿ ಶುರುಮಾಡಿದ ಪ್ರತಿಯೊಬ್ಬರಿಗೂ, ಅವರು ಒಪ್ಪಿದರೆ, ಹತ್ತನೇ ದಿನ ಆಸ್ಪತ್ರೆಯಿಂದ ಒಂದು ಫೋನು ಹೋಗಬೇಕು: "ಹೊಟ್ಟೆ ತೊಳಸ್ತಿದೆಯಾ? ಕಡಿಮೆಯಾಗ್ತದೆ, ಬಿಡಬೇಡಿ. ಜಾಸ್ತಿ ಬೇಸರ ಅನ್ನಿಸಿದರೆ ಇವತ್ತೇ ಬನ್ನಿ." ಎರಡನೆಯದು, ಈ ಕೆಲಸವನ್ನು ಆಶಾ ಕಾರ್ಯಕರ್ತೆಯರಿಗೆ ವಹಿಸುವುದಾದರೆ ಅದಕ್ಕೆ ಪ್ರತ್ಯೇಕ ಹಣ ಇಡಬೇಕು. ಅವರ ಗೌರವಧನದ ಬಗ್ಗೆ ಸುಮ್ಮನಿದ್ದು ಕೆಲಸದ ಪಟ್ಟಿ ಮಾತ್ರ ಬೆಳೆಸುವ ನಿರ್ಣಯಕ್ಕೆ ನಾನು ಸಹಿ ಹಾಕುವುದಿಲ್ಲ. ಕರಡು ಬರೆಯುವವರು ಊಟವಾದ ತಕ್ಷಣ ನನ್ನನ್ನು ಕಾಣಲಿ.