ಹಾಯಿಹಡಗು ಮತ್ತು ನಾಯಕಧರ್ಮ

ಹಾಯಿಹಡಗಿನ ಚಲಚ್ಚಿತ್ರಗಳಲ್ಲಿ ಕಪ್ತಾನನನ್ನು ಕತ್ತಿ ಹಿಡಿದ ವೀರನನ್ನಾಗಿ ನಾವು ಬಹಳ ಸಲ ಕಂಡಿದ್ದೇವೆ. ಆತನ ಹೊಣೆಯ ಭಾರವನ್ನು ಕಾಣಿಸುವ ಚಿತ್ರಗಳು ಕಡಮೆ. ಪೀಟರ್ ವಿಯರ್ ಅವರು ನಿರ್ದೇಶಿಸಿದ, 2003 ರಲ್ಲಿ ತೆರೆಗೆ ಬಂದ ‘ಮಾಸ್ಟರ್ ಅಂಡ್ ಕಮಾಂಡರ್’ ಅಂಥದೊಂದು. ಕಥೆ ನಡೆಯುವುದು 1805 ರಲ್ಲಿ. ‘ಸರ್ಪ್ರೈಸ್’ ಎಂಬ ಆಂಗ್ಲ ನೌಕೆ ತನಗಿಂತ ಬಲಿಷ್ಠವಾದ ಫ್ರೆಂಚ್ ಹಡಗನ್ನು ಬೆನ್ನಟ್ಟಿ ಹಾರ್ನ್ ಭೂಶಿರದ ಬಿರುಗಾಳಿಗೆ ಸಿಕ್ಕುತ್ತದೆ.

ಹಿಂದಣ ಹಾಯಿಕಂಬ ಮುರಿದು, ಅದರ ಮೇಲಿದ್ದ ವಾರ್ಲಿ ಎಂಬ ನಾವಿಕನು ಕಡಲಿಗೆ ಬೀಳುತ್ತಾನೆ. ಹಗ್ಗಗಳಿಂದ ಹಡಗಿಗೆ ಇನ್ನೂ ಬಿಗಿದಿರುವ ಆ ಕಂಬದತ್ತ ಆತ ಈಜುತ್ತಿದ್ದಾನೆ; ಅದೇ ಕಂಬ ಲಂಗರಿನಂತೆ ಜಗ್ಗಿ ಹಡಗನ್ನು ಅಲೆಗಳಿಗೆ ಒಡ್ಡುತ್ತಿದೆ. ಕಡಿದರೆ ಅವನೊಬ್ಬ ಹೋದ. ಕಡಿಯದಿದ್ದರೆ ಎಲ್ಲರೂ ಹೋದರು. ಕಪ್ತಾನ ಆಬ್ರಿ ಅಪ್ಪಣೆಯಿತ್ತು ದೂರ ನಿಲ್ಲುವುದಿಲ್ಲ. ತಾನೇ ಕೊಡಲಿ ಹಿಡಿಯುತ್ತಾನೆ. ಅವನೊಡನೆ ಹಗ್ಗ ಕಡಿಯುವವನು ನೇಗಲ್, ವಾರ್ಲಿಯ ಗೆಳೆಯ.

ಇಷ್ಟಕ್ಕೇ ಸೋದರಭಾವವನ್ನು ಹೊಗಳಿ ಚಿತ್ರ ಸುಮ್ಮನಾಗದಿರುವುದೇ ನಮಗೆ ಹಿಡಿಸಿತು. ವಾರ್ಲಿಯ ನೆರವಿಗೆಂದು ಕಂಬವೇರಿ ನಡುವೆಯೇ ಬೆದರಿ ನಿಂತವನು ಹಾಲಮ್ ಎಂಬ ಕೆಳದರ್ಜೆಯ ಅಧಿಕಾರಿ. ಮುಂದೆ ಗಾಳಿ ಬಿದ್ದು ಹಡಗು ಅಲುಗದೆ ನಿಂತಾಗ, ಇದಕ್ಕೆಲ್ಲ ಈ ಅಪಶಕುನದವನೇ ಕಾರಣವೆಂದು ನಾವಿಕರು ಆಡಿಕೊಳ್ಳುತ್ತಾರೆ. ನೇಗಲ್ ಅವನಿಗೆ ಮರ್ಯಾದೆ ತೋರದೆ ಚಾಟಿಯೇಟು ತಿನ್ನುತ್ತಾನೆ. ದಂಡನೆಯಿಂದ ಶಿಸ್ತು ಉಳಿಯಿತು, ಹಾಲಮ್ ಉಳಿಯಲಿಲ್ಲ. ಒಂದು ರಾತ್ರಿ ಫಿರಂಗಿಯ ಗುಂಡನ್ನು ಅಪ್ಪಿ ಕಡಲಿಗೆ ಹಾರಿದನು. ಮರುದಿನದ ಪ್ರಾರ್ಥನೆಯಲ್ಲಿ ಕಪ್ತಾನನು, ಅವನನ್ನು ಒಡನಾಡಿಯಾಗಿ ಕಾಣದೆ ಹೋದುದಕ್ಕೆ ಎಲ್ಲರ ಪರವಾಗಿ ಕ್ಷಮೆ ಬೇಡುತ್ತಾನೆ. ಬಳಿಕ ಗಾಳಿ ಏಳುತ್ತದೆ, ಹಾಯಿ ತುಂಬುತ್ತದೆ. ನಾವಿಕರು ಇದನ್ನು ಏನೆಂದು ತಿಳಿದರೋ, ಚಿತ್ರ ಹೇಳುವುದಿಲ್ಲ.