ಗಾಳ ಬೀಸುವ ಮುನ್ನ

ಕರಾವಳಿಗೆ ರಜೆ ಕಳೆಯಲು ಬರುವವರ ಸಾಮಾನಿನಲ್ಲಿ ಈಗೀಗ ಗಾಳದ ಕೋಲೂ ಇರುತ್ತದೆ. ಸಂತೋಷವೇ. ಆದರೆ ಊರ ಕೆರೆಯ ಏರಿಯ ಮೇಲೆ ಕೂತಂತೆ ಮರವಂತೆಯ ಮರಳಲ್ಲಿ ಕೂರಲಾಗದು. ಇಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಅವೂ ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರಿನ ಏರಿಳಿತ ಜಾಸ್ತಿ.

ಬಂದ ಕೂಡಲೇ ಗಾಳ ಬೀಸಬೇಡಿ. ಇಳಿತದ ಹೊತ್ತಿಗೆ ದಂಡೆಯುದ್ದಕ್ಕೂ ಒಮ್ಮೆ ನಡೆಯಿರಿ. ಮರಳ ದಿಬ್ಬ ಎಲ್ಲಿ, ಗುಂಡಿ ಎಲ್ಲಿ ಎಂಬುದು ಆಗಲೇ ಕಾಣುವುದು. ನೀರು ಏರತೊಡಗಿದಾಗ ಮೀನು ಮೇಯಲು ಬರುವುದು ಆ ಗುಂಡಿಗಳಿಗೇ. ಹೊಸಬರು ಇದ್ದಬದ್ದ ಶಕ್ತಿಯೆಲ್ಲ ಹಾಕಿ ದೂರಕ್ಕೆ ಎಸೆಯುತ್ತಾರೆ. ನಮ್ಮ ಕಾಣೆ ಮೀನೋ, ದಡದ ಹತ್ತಿರದ ಮರಳಲ್ಲೇ ಹುಳು ಹುಡುಕುತ್ತಿರುತ್ತದೆ! ಅದರ ಬಾಯಿ ಚಿಕ್ಕದು, ಗಾಳವೂ ಚಿಕ್ಕದಿರಲಿ. ತಾಜಾ ಸಿಗಡಿಯ ತುಣುಕು ಸಾಕು.

ಒಂದು ಮಾತು ಗಟ್ಟಿಯಾಗಿಯೇ ಹೇಳಬೇಕು. ಎರಡೂ ಕಡೆ ಅಲೆ ಒಡೆಯುತ್ತಿದ್ದು, ನಡುವೆ ಮಾತ್ರ ನೀರು ಶಾಂತವಾಗಿ ಕಂಡರೆ ಅಲ್ಲಿ ಇಳಿಯಬೇಡಿ. ಕಡಲಿಗೆ ಎಳೆದೊಯ್ಯುವ ಸೆಳೆತ ಇರುವುದು ಅಲ್ಲೇ. ಮೀಸೆಯ ಮೀನು ಸಿಕ್ಕರೆ ಬರಿಗೈಯಲ್ಲಿ ಹಿಡಿಯಬೇಡಿ, ಬೆನ್ನಿನ ಮತ್ತು ಪಕ್ಕದ ಮುಳ್ಳುಗಳಲ್ಲಿ ನಂಜಿರುತ್ತದೆ. ಮಳೆಗಾಲದಲ್ಲಂತೂ ಈ ಆಟವೇ ಬೇಡ.

ಹಾಂ, ಊರಿನವರು ಕೈರಂಪಣಿ ಬಲೆ ಎಳೆಯುತ್ತಿದ್ದರೆ ನಿಮ್ಮ ದಾರ ಸುತ್ತಿಕೊಂಡು ಜಾಗ ಬಿಡಿ. ಅವರಿಗದು ಹೊಟ್ಟೆಪಾಡು. ಹಗ್ಗಕ್ಕೊಂದು ಕೈ ಕೊಟ್ಟರೆ ಇನ್ನೂ ಒಳ್ಳೆಯದು. ಈಗ ಮೀನು ಯಾವ ಕಡೆ ಮೇಯುತ್ತಿದೆ ಎಂದು ಅವರೇ ಹೇಳಿಯಾರು.