ಅಜ್ಜಿಯ ಉಂಗುರದಲ್ಲಿದ್ದದ್ದು ಯಾವ ಪುಷ್ಯರಾಗ?

ಮೈಸೂರಿನ ಲಷ್ಕರ್ ಮೊಹಲ್ಲಾದ ಅಶೋಕ ರಸ್ತೆಯಲ್ಲಿ ನಿಂತಿದ್ದೀನಿ. ಹಿಂದೆ ಕಾಣ್ತಿರೋದು ಸೇಂಟ್ ಫಿಲೋಮಿನಾ ಚರ್ಚಿನ ಜೋಡಿ ಗೋಪುರ. ಕೈಯಲ್ಲಿರೋದು ನಮ್ಮಜ್ಜಿಯ ಉಂಗುರದ ಕಲ್ಲು, ಜೇನುತುಪ್ಪದ ಬಣ್ಣ. ಮನೆಯಲ್ಲಿ ಇದನ್ನ ಪುಷ್ಯರಾಗ, ಗುರುವಿನ ಕಲ್ಲು ಅಂತಲೇ ಕರೀತಿದ್ವಿ.

ನನ್ನ ತಕರಾರು ಇರೋದೇ ಆ ಹೆಸರಿನ ಮೇಲೆ. ಪುಷ್ಯರಾಗ ಅಂದ್ರೆ ಟೋಪಾಜ್ ಅಂತ ಎಷ್ಟೋ ವಿಡಿಯೊಗಳಲ್ಲಿ ಹೇಳಿ ಮುಗಿಸ್ತಾರೆ. ಅಂಗಡಿಗೆ ಹೋಗಿ ಕನಕ ಪುಷ್ಯರಾಗ ಕೇಳಿ, ತೋರಿಸೋದು ಹಳದಿ ನೀಲಮಣಿ. ಅದು ಮಾಣಿಕ್ಯದ ಒಡಹುಟ್ಟು. ಟೋಪಾಜ್ ಬೇರೆ ಕುಲ. ಅಲ್ಯೂಮಿನಿಯಂ, ಸಿಲಿಕಾನ್ ಜೊತೆ ಫ್ಲೋರಿನ್ ಸೇರಿ ಆದದ್ದು. ಸಾಲದ್ದಕ್ಕೆ ಹಳದಿ ಸ್ಫಟಿಕ, ಅಂದ್ರೆ ಸಿಟ್ರಿನ್ನನ್ನೂ ಸುನೇಲಾ, ಗೋಲ್ಡನ್ ಟೋಪಾಜ್ ಅಂತ ಮಾರ್ತಾರೆ. ಮೂರರ ಬಣ್ಣ ಒಂದೇ ಥರ ಇರಬಹುದು, ಬೆಲೆ ಮಾತ್ರ ಅಜಗಜಾಂತರ.

ಹಾಗಾದ್ರೆ ಕಂಡುಹಿಡಿಯೋದು ಹೇಗೆ? ಅಕ್ಕಸಾಲಿಯೊಬ್ಬರು ಕಲ್ಲನ್ನ ಉಂಗುರದಿಂದ ಬಿಡಿಸಿ, ಮೊದಲು ಗಾಳಿಯಲ್ಲಿ, ಆಮೇಲೆ ನೀರಲ್ಲಿ ಇಳಿಬಿಟ್ಟು ತೂಗಿದ್ರು. 10 ಕ್ಯಾರೆಟ್ ಕಲ್ಲಾದ್ರೆ ನೀರೊಳಗೆ ಹಳದಿ ನೀಲಮಣಿ ಸುಮಾರು 2.5 ಕ್ಯಾರೆಟ್ ಹಗುರಾಗುತ್ತೆ, ಟೋಪಾಜ್ 2.8, ಸಿಟ್ರಿನ್ 3.8. ನಮ್ಮದು 6 ಕ್ಯಾರೆಟ್. ಕಳ್ಕೊಂಡದ್ದು 1.7. ಲೆಕ್ಕ ಹಾಕಿ: ಟೋಪಾಜ್!

ಮನೆಯವರಿಗೆ ಬೇಜಾರಾಯ್ತು. ನನಗೆ ಖುಷಿಯಾಯ್ತು. ಯಾಕಂದ್ರೆ ಟೋಪಾಜಿನ ಚೆಲುವು ಯಾರಿಂದಲೂ ಕಡ ತಂದದ್ದಲ್ಲ. ನೀರಿನಷ್ಟು ತಿಳಿ, ಕಾಠಿಣ್ಯ 8, ಹೊಳಪು ಬೆರಳಿಗೇ ನುಣುಪಾಗಿ ತಿಳಿಯುತ್ತೆ. ಬ್ರೆಜಿಲ್‌ನ ಔರೊ ಪ್ರೆಟೊದ ಇಂಪೀರಿಯಲ್ ಟೋಪಾಜಿನ ಕಿತ್ತಳೆ-ಗುಲಾಬಿಗೆ ಸಾಟಿಯೇ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಇನ್ನು ಕಡು ನೀಲಿ ಟೋಪಾಜ್: ಬಹುಪಾಲು ಬಣ್ಣವಿಲ್ಲದ ಕಲ್ಲಿಗೆ ವಿಕಿರಣ ಹಾಯಿಸಿ, ಕಾಯಿಸಿ ಬರಿಸಿದ ನೀಲಿ. ಬಣ್ಣ ಉಳಿಯುತ್ತೆ, ಅದರಲ್ಲಿ ಮೋಸವಿಲ್ಲ, ಹೇಳದೆ ಮಾರಿದ್ರೆ ಮೋಸ.

ಕಾಠಿಣ್ಯ 8 ಅಂದೆನಲ್ಲ, ಅದನ್ನ ಬಿಡಿಸಿ ಹೇಳ್ತೀನಿ. ಸುಲಭಕ್ಕೆ ಗೀರು ಬೀಳಲ್ಲ ಅಂತಷ್ಟೇ ಅರ್ಥ. ಹರಳಿನ ಉದ್ದಕ್ಕೆ ಅಡ್ಡವಾಗಿ ಅದರ ಹಿಡಿತ ಸಡಿಲ. ಅಲ್ಲಿ ಏಟು ಬಿದ್ರೆ ಕತ್ತರಿಸಿದ ಹಾಗೆ ಎರಡಾಗುತ್ತೆ. ದಿನಾ ಹಾಕೋ ಉಂಗುರಕ್ಕಿಂತ ಓಲೆಗೆ, ಪದಕಕ್ಕೆ ವಾಸಿ.

ಕೊಳ್ಳುವಾಗ ಅಂಗಡಿ ದೀಪದ ಕೆಳಗೆ ಬಣ್ಣ ನಂಬಬೇಡಿ, ಹೀಗೆ ಹಗಲು ಬೆಳಕಿಗೆ ತನ್ನಿ. ಬಿಲ್ಲಿನಲ್ಲಿ ಪುಷ್ಯರಾಗ ಅಂತ ಬರೆದ್ರೆ ಸಾಲದು. ಟೋಪಾಜೋ, ನೀಲಮಣಿಯೋ, ಸಿಟ್ರಿನ್ನೋ ಬರೆಸಿಕೊಳ್ಳಿ. ಅಜ್ಜಿಯ ಕಲ್ಲನ್ನ ನಾನು ಪದಕಕ್ಕೆ ಕೂರಿಸ್ತಿದ್ದೀನಿ, ಡಬ್ಬಿಯ ಮೇಲೆ ಟೋಪಾಜ್ ಅಂತಲೇ ಬರೆದಿಟ್ಟು.